ಮೇಜಿನ ಮೇಲೆ ಓಡುವ ರೋಬೋಟ್ ಕಣದಲ್ಲಿ ಯಾಕೆ ನಿಲ್ಲುತ್ತದೆ?

ಲ್ಯಾಬಿನಲ್ಲಿ ಮೇಜಿನ ಮೇಲೆ ಎತ್ತಿಟ್ಟಾಗ ನಾಲ್ಕೂ ಚಕ್ರ ಚೆನ್ನಾಗಿ ತಿರುಗುತ್ತವೆ. ಮುಂದೆ, ಹಿಂದೆ, ಎಡ, ಬಲ, ಎಲ್ಲ ಸರಿ. ಅದನ್ನೇ ಕಾಫಿ ಒಣಗಿಸುವ ಕಣಕ್ಕೆ ಇಳಿಸಿದರೆ ಎರಡು ಅಡಿ ಹೋಗಿ ನಿಲ್ಲುತ್ತದೆ. ಕೆಲವೊಮ್ಮೆ ತಾನಾಗಿಯೇ ಮತ್ತೆ ಶುರುವಾಗುತ್ತದೆ, ಕೆಲವೊಮ್ಮೆ ಸ್ವಿಚ್ ಆರಿಸಿ ಹಾಕಬೇಕು. ವಿದ್ಯಾರ್ಥಿ ತಂಡಗಳು ಕಟ್ಟುವ ರೋಬೋಟ್‌ಗಳಲ್ಲಿ ಇದು ತೀರಾ ಸಾಮಾನ್ಯವಾದ ತೊಂದರೆ. ಆಗ ಬಹಳ ಮಂದಿ ಲ್ಯಾಪ್‌ಟಾಪ್ ತೆಗೆದು ಕೋಡ್ ತಿದ್ದಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೇಜಿನ ಮೇಲೆ ಓಡಿದ ಕೋಡೇ ಕಣದಲ್ಲೂ ಓಡುತ್ತಿದೆ. ಬದಲಾಗಿದ್ದು ಚಕ್ರದ ಮೇಲಿನ ಎಳೆತ. ಹುಡುಕಾಟವೂ ಅಲ್ಲಿಂದಲೇ ಶುರುವಾಗಬೇಕು.

ಉದಾಹರಣೆಗೆ ನಮ್ಮ ತಂಡದ ಕಾಫಿ ಕೆದಕುವ ರೋಬೋಟನ್ನೇ ಇಟ್ಟುಕೊಳ್ಳುತ್ತೇನೆ. ಕೊಡಗಿನವರಿಗೆ ಇದರ ಕೆಲಸ ಬಿಡಿಸಿ ಹೇಳಬೇಕಾಗಿಲ್ಲ. ಕುಯ್ದ ಹಣ್ಣನ್ನು ಹಾಗೇ ಒಣಗಿಸುವಾಗ ಕಣದಲ್ಲಿ ತೆಳ್ಳಗೆ ಹರವಿ, ಗಂಟೆಗೊಮ್ಮೆಯಾದರೂ ಕೆದಕಿ ಸಾಲು ಮಾಡಬೇಕು. ಒಳ್ಳೆಯ ಬಿಸಿಲಿದ್ದರೂ ಒಣಗಲು 12ರಿಂದ 15 ದಿನ ಬೇಕು. ಕೆದಕುವುದು ತಪ್ಪಿದರೆ ಅಡಿಯ ಪದರಕ್ಕೆ ಬೂಸ್ಟು ಬರುತ್ತದೆ. ಆಳು ಸಿಗದ ಕಾಲದಲ್ಲಿ ಇದನ್ನು ಒಂದು ಪುಟ್ಟ ಗಾಡಿ ಮಾಡಿದರೆ ಎಷ್ಟು ಅನುಕೂಲ ಅಲ್ವಾ? ನಮ್ಮ ಗಾಡಿಗೆ ನಾಲ್ಕು 12 ವೋಲ್ಟ್ ಗೇರ್ ಮೋಟರ್, ಬ್ಯಾಟರಿಯ ಕರೆಂಟನ್ನು ಮೋಟರ್‌ಗೆ ಬಿಡಲು ಎಡಕ್ಕೊಂದು ಬಲಕ್ಕೊಂದು ಬಿಟಿಎಸ್ 7960 ಡ್ರೈವರ್, ಅದಕ್ಕೆ ಆಜ್ಞೆ ಕೊಡುವ ಕಂಟ್ರೋಲರ್ ಬೋರ್ಡಾಗಿ ಒಂದು ಆರ್ಡುಯಿನೋ ಊನೋ, ಬ್ಯಾಟರಿ ಸ್ಪ್ರೇಯರ್‌ಗೆ ಹಾಕುವಂಥ 12 ವೋಲ್ಟಿನ ಸೀಲ್ಡ್ ಬ್ಯಾಟರಿ, ಹಿಂದೆ ಹಲ್ಲಿನ ಹಲಗೆ. ನಿಮ್ಮದು ಗೆರೆ ಹಿಡಿದು ಓಡುವ ಸಣ್ಣ ಗಾಡಿಯೇ ಇರಲಿ, ಸ್ಪರ್ಧೆಗೆ ಕಟ್ಟಿದ ದೊಡ್ಡ ಯಂತ್ರವೇ ಇರಲಿ, ಹುಡುಕುವ ದಾರಿ ಇದೇ. ಅಂಕಿಗಳು ಮಾತ್ರ ಬೇರೆ.

'ನಿಂತಿತು' ಎಂದರೆ ಏನು?

ತಂಡದಲ್ಲಿ ಯಾರಾದರೂ "ನಿಂತುಹೋಯ್ತು" ಎಂದಾಗ ಅದು ಮೂರು ಬೇರೆ ಬೇರೆ ಸಂಗತಿಯಲ್ಲಿ ಯಾವುದಾದರೂ ಇರಬಹುದು. ಕಂಟ್ರೋಲರೇ ಸತ್ತು ಮತ್ತೆ ಹುಟ್ಟಿರಬಹುದು, ಅಂದರೆ ರೀಸೆಟ್. ಕಂಟ್ರೋಲರ್ ಬದುಕಿದ್ದು ಮೋಟರ್ ಮಾತ್ರ ತಿರುಗದಿರಬಹುದು. ಮೋಟರ್ ತಿರುಗುತ್ತಿದ್ದು ಚಕ್ರ ತಿರುಗದಿರಬಹುದು. ಮೂರಕ್ಕೂ ಮದ್ದು ಬೇರೆ. ಇದನ್ನು ಬೇರ್ಪಡಿಸದೆ ಬ್ಯಾಟರಿ ಬದಲಿಸಿ, ಡ್ರೈವರ್ ಬದಲಿಸಿ ಎಂದು ಹೊರಟರೆ ದುಡ್ಡೂ ಹೋಗುತ್ತದೆ, ಮುಂದಿನ ಸಲ ಅದೇ ತೊಂದರೆ ಬಂದಾಗ ಏನೂ ಗೊತ್ತಿರುವುದಿಲ್ಲ.

ಬೇರ್ಪಡಿಸುವುದು ಸುಲಭ. ಪ್ರೋಗ್ರಾಮಿನ ಶುರುವಿನಲ್ಲಿ, ಸೆಟಪ್ ಭಾಗದಲ್ಲಿ, ಒಂದು ಎಲ್‌ಇಡಿ ಐದು ಸಲ ನಿಧಾನಕ್ಕೆ ಮಿನುಗುವಂತೆ ಮಾಡಿ. ಇದಕ್ಕೆ ಬೋರ್ಡಿನ 13ನೇ ಪಿನ್ನಿನ ಎಲ್‌ಇಡಿ ಬೇಡ. ಬೋರ್ಡು ಶುರುವಾದಾಗ ಮೊದಲು ಓಡುವ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಮ್ ಕೂಡ ಅದನ್ನು ಮಿನುಗಿಸುವುದರಿಂದ ಗೊಂದಲವಾಗುತ್ತದೆ. ದೂರದಿಂದಲೂ ಕಾಣುವ ಬೇರೆ ಎಲ್‌ಇಡಿ ಹಾಕಿ. ಗಾಡಿ ನಿಂತಾಗ ಆ ಐದು ಮಿನುಗು ಕಂಡರೆ ರೀಸೆಟ್ ಆಗಿದೆ, ಅನುಮಾನವೇ ಬೇಡ. ನೋಡುವವರು ಯಾರೂ ಹತ್ತಿರ ಇಲ್ಲದಿದ್ದರೆ ಇನ್ನೊಂದು ಉಪಾಯವಿದೆ. ಊನೋದಲ್ಲಿ ಕರೆಂಟು ಹೋದರೂ ಅಳಿಯದ ನೆನಪಿನ ಜಾಗವಿದೆ, ಅದೇ ಈಪ್ರಾಮ್. ಶುರುವಾದಾಗಲೆಲ್ಲ ಈಪ್ರಾಮ್‌ನಲ್ಲಿರುವ ಒಂದು ಸಂಖ್ಯೆಗೆ ಒಂದು ಕೂಡಿಸಿ ಬರೆಯಿರಿ. ಓಟ ಮುಗಿದ ಮೇಲೆ ಓದಿ ನೋಡಿದರೆ ಎಷ್ಟು ಸಲ ರೀಸೆಟ್ ಆಯಿತು ಎಂದು ತಿಳಿಯುತ್ತದೆ. ಊನೋದ ಈಪ್ರಾಮ್‌ನಲ್ಲಿ ಒಂದು ಜಾಗಕ್ಕೆ 1,00,000 ಸಲ ಬರೆಯಬಹುದು, ಹಾಗಾಗಿ ಸವೆಯುತ್ತದೆ ಎಂಬ ಹೆದರಿಕೆ ಬೇಡ. ಊನೋ ಬದಲು ಇಎಸ್‌ಪಿ 32 ಬೋರ್ಡು ಬಳಸುವವರಿಗೆ ಕೆಲಸ ಇನ್ನೂ ಹಗುರ. ವೋಲ್ಟೇಜ್ ಕುಸಿದು ರೀಸೆಟ್ ಆದರೆ ಅದು ಸೀರಿಯಲ್ ಮಾನಿಟರ್‌ನಲ್ಲಿ, ಅಂದರೆ ಬೋರ್ಡಿನ ಸಂದೇಶ ತೋರಿಸುವ ಲ್ಯಾಪ್‌ಟಾಪ್ ಕಿಟಕಿಯಲ್ಲಿ, ಬ್ರೌನ್‌ಔಟ್ ಎಂದು ತಾನೇ ಹೇಳುತ್ತದೆ.

ಇಲ್ಲಿ ಒಂದು ಮೋಸ ಇದೆ, ನೋಡಿಕೊಳ್ಳಿ. ಸೀರಿಯಲ್ ಮಾನಿಟರ್ ನೋಡಲು ಯುಎಸ್‌ಬಿ ಕೇಬಲ್ ಚುಚ್ಚುತ್ತೀರಿ. ತಕ್ಷಣ ಗಾಡಿ ಸರಿಹೋಗುತ್ತದೆ! ಕೇಬಲ್ ತೆಗೆದರೆ ಮತ್ತೆ ನಿಲ್ಲುತ್ತದೆ. ಊನೋದಲ್ಲಿ ಹೊರಗಿನ ಸಪ್ಲೈ ಸುಮಾರು 6.6 ವೋಲ್ಟಿಗಿಂತ ಕೆಳಗಿಳಿದರೆ ಬೋರ್ಡು ಯುಎಸ್‌ಬಿಯಿಂದ ಕರೆಂಟು ಎಳೆದುಕೊಳ್ಳುತ್ತದೆ. ಅಂದರೆ ಬ್ಯಾಟರಿ ಕುಸಿದ ಹೊತ್ತಿಗೆ ಲ್ಯಾಪ್‌ಟಾಪ್ ಕೈಹಿಡಿದು ದೋಷವನ್ನು ಮುಚ್ಚಿಹಾಕುತ್ತದೆ. "ಕೇಬಲ್ ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ" ಎಂಬ ದೂರು ಬಂದರೆ ಅರ್ಧ ಉತ್ತರ ಆಗಲೇ ಸಿಕ್ಕಿದೆ.

ರೀಸೆಟ್ ಆಗುತ್ತಿದ್ದರೆ

ತೋಟದ ಪಂಪ್ ಶುರುವಾದ ಕ್ಷಣ ಮನೆಯ ಬಲ್ಬು ಒಮ್ಮೆ ಮಂಕಾಗುತ್ತದಲ್ವಾ, ಇಲ್ಲಿ ಆಗುವುದೂ ಅದೇ. ಮೋಟರ್ ನಿಂತಿರುವಾಗ ಅದು ಬರೀ ಒಂದು ತಾಮ್ರದ ಸುರುಳಿ. ತಿರುಗಲು ಶುರುವಾದ ಮೇಲೆಯೇ ಅದರೊಳಗೆ ಎದುರು ವೋಲ್ಟೇಜ್ ಹುಟ್ಟಿ ಕರೆಂಟು ಇಳಿಯುತ್ತದೆ. ಹೊರಡುವ ಕ್ಷಣದಲ್ಲಿ, ಮತ್ತೆ ಭಾರಕ್ಕೆ ಸಿಕ್ಕಿ ನಿಂತಾಗ, ಕರೆಂಟು ಅತಿ ಹೆಚ್ಚು. ಅದನ್ನೇ ಸ್ಟಾಲ್ ಕರೆಂಟ್ ಎನ್ನುವುದು.

ಎಷ್ಟು ಹೆಚ್ಚು? ಅಂಗಡಿಯವರ ಹಾಳೆ ನಂಬುವುದಕ್ಕಿಂತ ಅಳೆದುಬಿಡಿ. ಮೋಟರ್‌ನ ಎರಡೂ ವೈರ್ ಬಿಚ್ಚಿ, ಮೀಟರ್ ಓಮ್‌ಗೆ ಇಟ್ಟು, ಶಾಫ್ಟನ್ನು ಕೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸಿ ನಿಲ್ಲಿಸಿ ಓದಿ. ಸುರುಳಿಗೆ ಕರೆಂಟು ದಾಟಿಸುವ ಬ್ರಷ್ ಕೂರುವ ಜಾಗದ ಮೇಲೆ ಓದು ಏರಿಳಿಯುತ್ತದೆ, ಅದರಲ್ಲಿ ಕಡಿಮೆಯದನ್ನು ಹಿಡಿಯಿರಿ. ಮೀಟರ್ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಓದನ್ನು ಅದರಿಂದ ಕಳೆಯಿರಿ. 2 ಓಮ್ ಬಂತು ಎನ್ನಿ. 12 ವೋಲ್ಟಿಗೆ 6 ಆಂಪಿಯರ್. ಅದು ಒಂದು ಮೋಟರ್‌ಗೆ. ನಾಲ್ಕೂ ಒಟ್ಟಿಗೆ ಹೊರಟರೆ ಸುರುಳಿಗಳೆಲ್ಲ ಸೇರಿ ಅರ್ಧ ಓಮ್.

ಈಗ ಬ್ಯಾಟರಿಯಿಂದ ಡ್ರೈವರ್‌ವರೆಗಿನ ದಾರಿ ನೋಡಿ. ಹಳೆಯ ಬ್ಯಾಟರಿಯ ಒಳಗಿನ ತಡೆ, ವೈರ್, ಸ್ವಿಚ್, ಕನೆಕ್ಟರ್ ಎಲ್ಲ ಸೇರಿ 0.3 ಓಮ್ ಇದ್ದರೆ, ಮೋಟರ್‌ಗಳು ಹೊರಡುವ ಕ್ಷಣದಲ್ಲಿ ಡ್ರೈವರ್ ಹತ್ತಿರ ಉಳಿಯುವುದು 7.5 ವೋಲ್ಟ್. ಒಂದು ಸ್ಕ್ರೂ ಸಡಿಲವಾಗಿ ಆ ತಡೆ 0.6 ಓಮ್‌ಗೆ ಏರಿತು ಎಂದುಕೊಳ್ಳಿ. ಉಳಿಯುವುದು 5.5 ವೋಲ್ಟಿಗೂ ಕಡಿಮೆ. ಊನೋದ ಜ್ಯಾಕ್‌ನಲ್ಲಿ ಡಯೋಡ್ ಒಂದಷ್ಟು ತಿನ್ನುತ್ತದೆ, ವೋಲ್ಟೇಜನ್ನು 5ಕ್ಕೆ ಇಳಿಸುವ ರೆಗ್ಯುಲೇಟರ್ ಸುಮಾರು 1 ವೋಲ್ಟ್ ತಿನ್ನುತ್ತದೆ. ಚಿಪ್‌ಗೆ ಸಿಗುವುದು 4 ವೋಲ್ಟಿಗೂ ಕೆಳಗೆ. ಊನೋಗೆ 7ರಿಂದ 12 ವೋಲ್ಟ್ ಕೊಡಿ ಎಂದು ಹೇಳುವುದು ಇದಕ್ಕೇ.

ಇನ್ನೊಂದು ವಿಷಯ. ಊನೋದ ಚಿಪ್ 2.7 ವೋಲ್ಟ್ ಹತ್ತಿರ ಬಂದಾಗಲೇ ತಾನಾಗಿ ರೀಸೆಟ್ ಆಗುವುದು. ಆದರೆ 16 ಮೆಗಾಹರ್ಟ್ಸ್ ವೇಗದಲ್ಲಿ ಸರಿಯಾಗಿ ಓಡಲು ಅದಕ್ಕೆ ಸುಮಾರು 3.8 ವೋಲ್ಟಾದರೂ ಬೇಕು. ಈ ಎರಡರ ನಡುವೆ ಸಿಕ್ಕಿಕೊಂಡರೆ ಚಿಪ್ ಸಾಯುವುದೂ ಇಲ್ಲ, ಸರಿಯಾಗಿ ಬದುಕುವುದೂ ಇಲ್ಲ. ಎಡಕ್ಕೆ ಹೇಳಿದರೆ ಬಲಕ್ಕೆ ತಿರುಗುವುದು, ಎಲ್‌ಸಿಡಿಯಲ್ಲಿ ಅರ್ಥವಿಲ್ಲದ ಅಕ್ಷರ ಬರುವುದು, ಒಂದು ಚಕ್ರ ನಿಲ್ಲದೆ ಓಡುವುದು, ಇಂಥವೆಲ್ಲ ಕಾಣಬಹುದು. ನೋಡಿದವರು ಕೋಡ್ ತಪ್ಪು ಎಂದೇ ತೀರ್ಮಾನಿಸುತ್ತಾರೆ.

ಪವರ್ ಬ್ಯಾಂಕ್ ಪರೀಕ್ಷೆ

ಅನುಮಾನವನ್ನು ಎರಡು ಭಾಗ ಮಾಡಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಊನೋಗೆ ಬರುವ ಬ್ಯಾಟರಿ ವೈರ್ ಬಿಚ್ಚಿ. ಫೋನ್ ಚಾರ್ಜ್ ಮಾಡುವ ಪವರ್ ಬ್ಯಾಂಕ್‌ನಿಂದ ಯುಎಸ್‌ಬಿ ಮೂಲಕ ಊನೋಗೆ ಕರೆಂಟು ಕೊಡಿ. ಮೋಟರ್‌ಗಳಿಗೆ ದೊಡ್ಡ ಬ್ಯಾಟರಿ ಇದ್ದ ಹಾಗೇ ಇರಲಿ. ಎರಡರ ಗ್ರೌಂಡ್ ಮಾತ್ರ ಸೇರಿರಲೇಬೇಕು, ಇಲ್ಲದಿದ್ದರೆ ಡ್ರೈವರ್‌ಗೆ ಊನೋ ಹೇಳುವುದು ಕೇಳಿಸುವುದೇ ಇಲ್ಲ. ಈಗ ಗಾಡಿಯನ್ನು ಭಾರದಲ್ಲಿ ಓಡಿಸಿ. ರೀಸೆಟ್ ನಿಂತರೆ ತೊಂದರೆ ಸಪ್ಲೈಯಲ್ಲಿದೆ. ರೀಸೆಟ್ ಮುಂದುವರಿದರೆ ಮೋಟರ್‌ನ ಕಿಡಿಯಿಂದ ವೈರ್‌ಗಳಲ್ಲಿ ಏಳುವ ವಿದ್ಯುತ್ ಗದ್ದಲ, ಅಥವಾ ಅಲುಗಾಟಕ್ಕೆ ಬಿಡುವ ವೈರ್ ಕಡೆ ನೋಡಬೇಕು.

ಕೆಲವು ಪವರ್ ಬ್ಯಾಂಕ್‌ಗಳು ಎಳೆತ ಕಡಿಮೆ ಎನಿಸಿದರೆ ತಾವೇ ಆರಿಹೋಗುತ್ತವೆ. ಊನೋ ಒಂದೇ ಎಳೆಯುವುದು ತುಂಬ ಕಡಿಮೆ. ಅರ್ಧ ನಿಮಿಷದ ಹೊತ್ತಿಗೆ ಎಲ್ಲ ಕತ್ತಲಾದರೆ ಮೊದಲು ಪವರ್ ಬ್ಯಾಂಕ್ ದೀಪ ನೋಡಿ.

ಈ ಜೋಡಣೆ ಇರುವಾಗಲೇ ಇನ್ನೊಂದು ಅಳತೆಯನ್ನೂ ಮಾಡಿಕೊಳ್ಳಬಹುದು. ಸಾಮಾನ್ಯ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಓದು ಬದಲಿಸುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಆಗಿ ಹೋಗುವ ಕುಸಿತ ಅದಕ್ಕೆ ಕಾಣುವುದಿಲ್ಲ. ಊನೋಗೆ ಕಾಣುತ್ತದೆ. ಡ್ರೈವರ್‌ನ ಬ್ಯಾಟರಿ ಪ್ಲಸ್‌ನಿಂದ 100 ಕಿಲೋ ಓಮ್, ಅದರ ಕೆಳಗೆ ಗ್ರೌಂಡಿಗೆ 8.2 ಕಿಲೋ ಓಮ್ ಹಾಕಿ, ನಡುವಿನ ಬಿಂದುವನ್ನು ಅನಲಾಗ್ ಪಿನ್ನಿಗೆ ಕೊಡಿ. 12.6 ವೋಲ್ಟ್ ಇದ್ದರೆ ಅಲ್ಲಿ 1 ವೋಲ್ಟಿಗೂ ಸ್ವಲ್ಪ ಕಡಿಮೆ ಸಿಗುತ್ತದೆ. ಹೋಲಿಕೆಗೆ ಚಿಪ್‌ನ ಒಳಗಿನ 1.1 ವೋಲ್ಟ್ ರೆಫರೆನ್ಸ್ ಬಳಸಿ. 5 ವೋಲ್ಟನ್ನೇ ಅಳತೆಗೋಲು ಮಾಡಿಕೊಂಡರೆ ಅದು ಅಲ್ಲಾಡಿದಾಗ ಓದೂ ಅಲ್ಲಾಡುತ್ತದೆ. ಬಿಡದೆ ಓದುತ್ತಾ ಅತಿ ಕಡಿಮೆ ಬಂದದ್ದನ್ನು ನೆನಪಿಟ್ಟುಕೊಳ್ಳುವ ನಾಲ್ಕು ಸಾಲು ಪ್ರೋಗ್ರಾಮ್ ಸಾಕು. ಓಟ ಮುಗಿದ ಮೇಲೆ ಆ ಒಂದು ಅಂಕಿ ನೋಡಿ. 11 ವೋಲ್ಟ್ ಇದ್ದರೆ ಬೇರೆ ಕಡೆ ಹುಡುಕಿ. 6 ವೋಲ್ಟ್ ಇದ್ದರೆ ಕಳ್ಳ ಸಿಕ್ಕ.

ಎಲ್ಲಿ ಸೋರುತ್ತಿದೆ?

ಕುಸಿತ ಇದೆ ಎಂದಾಯಿತು. ಎಲ್ಲಿ ಎಂದು ಹೇಗೆ ಹುಡುಕುವುದು? ಜೀಪ್ ಸೆಲ್ಫ್ ಎಳೆಯದಿದ್ದಾಗ ಗಾಡಿ ಎಲೆಕ್ಟ್ರಿಷಿಯನ್‌ಗಳು ಮಾಡುವ ಪರೀಕ್ಷೆ ಇಲ್ಲೂ ಆಗುತ್ತದೆ. ಮೀಟರ್ ಡಿಸಿ ವೋಲ್ಟಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ತಲೆಯ ಮೇಲೆ, ಇನ್ನೊಂದು ಡ್ರೈವರ್‌ನ ಪ್ಲಸ್ ಸ್ಕ್ರೂ ಮೇಲೆ. ಅಂದರೆ ಒಂದೇ ವೈರ್‌ನ ಎರಡು ತುದಿ. ಮೋಟರ್ ಸುಮ್ನೆ ಇದ್ದಾಗ ಸೊನ್ನೆ ತೋರಿಸುತ್ತದೆ. ಈಗ ಒಬ್ಬರು ಗಾಡಿಯನ್ನು ಬಿಗಿಯಾಗಿ ಹಿಡಿದು ಮೋಟರ್‌ಗೆ ಎಳೆತ ಕೊಡಿ. ಮೀಟರ್ ತೋರಿಸುವುದು ಆ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜ್. 0.2, 0.3 ಇದ್ದರೆ ಪರವಾಗಿಲ್ಲ. 1 ವೋಲ್ಟ್ ದಾಟಿದರೆ ಅಲ್ಲೇ ರೋಗ. ಆಮೇಲೆ ಕಡ್ಡಿಯನ್ನು ಹತ್ತಿರ ಹತ್ತಿರ ತನ್ನಿ. ಸ್ವಿಚ್‌ನ ಎರಡು ಕಾಲು, ಫ್ಯೂಸ್‌ನ ಎರಡು ತುದಿ, ಕನೆಕ್ಟರ್‌ನ ಎರಡು ಬದಿ. ಯಾವ ತುಂಡಿನ ಮೇಲೆ ಓದು ಜಿಗಿಯುತ್ತದೆಯೋ ಅದನ್ನು ಬದಲಿಸಿ. ಮೈನಸ್ ದಾರಿಯನ್ನೂ ಹೀಗೇ ನೋಡಬೇಕು. ಅದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ, ದೋಷ ಅಲ್ಲೇ ಕೂತಿರುತ್ತದೆ.

ಮೋಟರ್ ಕಟ್ಟಿಹಾಕಿ ಎಳೆಸುವುದು ಒಂದೆರಡು ಸೆಕೆಂಡ್ ಮಾತ್ರ. ಅದಕ್ಕಿಂತ ಹೆಚ್ಚು ಹಿಡಿದರೆ ಸುರುಳಿ ಸುಡುತ್ತದೆ. ಸೀಲ್ಡ್ ಬ್ಯಾಟರಿ ಚಿಕ್ಕದಾಗಿ ಕಂಡರೂ ಶಾರ್ಟ್ ಆದರೆ ಸ್ಪ್ಯಾನರನ್ನೇ ಕೆಂಪಗೆ ಕಾಯಿಸುವಷ್ಟು ಕರೆಂಟು ಕೊಡುತ್ತದೆ. ಕೈಯಲ್ಲಿ ಉಂಗುರ, ಬಳೆ ಇದ್ದರೆ ತೆಗೆದಿಡಿ. ಬ್ಯಾಟರಿ ಪ್ಲಸ್‌ನ ಹತ್ತಿರವೇ ಫ್ಯೂಸ್ ಇರಲಿ. ಲಿಥಿಯಂ ಪ್ಯಾಕ್ ಆದರೆ ಇನ್ನೂ ಎಚ್ಚರ ಬೇಕು. ಉಬ್ಬಿದ ಸೆಲ್ ಕಂಡರೆ ಅದನ್ನು ಮತ್ತೆ ಚಾರ್ಜ್‌ಗೆ ಹಾಕಲೇಬೇಡಿ.

ನಾನು ಮೊದಲು ಅನುಮಾನಿಸುವುದು ಜಂಪರ್ ವೈರ್‌ಗಳನ್ನು. ಕಿಟ್ ಜೊತೆ ಬರುವ ಆ ಬಣ್ಣಬಣ್ಣದ ವೈರ್ ಸೆನ್ಸರ್‌ನ ಸಂದೇಶ ಒಯ್ಯಲು ಸರಿ. ಅದರಲ್ಲಿ ಮೋಟರ್ ಕರೆಂಟು ಹರಿಸಬಾರದು. ಒಳಗಿನ ತಾಮ್ರ ಕೂದಲಿನಷ್ಟು ತೆಳ್ಳಗೆ, ತುದಿಯ ತಗಡು ಒಂದೆರಡು ಸಲ ತೆಗೆದು ಹಾಕಿದರೆ ಸಡಿಲ. ಮೋಟರ್ ದಾರಿಗೆ ಮನೆ ವೈರಿಂಗ್‌ನ 1.5 ಚದರ ಮಿಲಿಮೀಟರ್ ವೈರ್ ಬಳಸಿ, ತುದಿಗೆ ಲಗ್ ಹಾಕಿ ಒತ್ತಿಸಿ. ಬರೀ ಎಳೆಗಳನ್ನು ಹೊಸೆದು ಸ್ಕ್ರೂ ಅಡಿ ಸಿಕ್ಕಿಸಿದರೆ ಕಣದ ಅಲುಗಾಟಕ್ಕೆ ಅದು ಸಡಿಲವಾಗುತ್ತದೆ.

ಬ್ಯಾಟರಿ ಬಗ್ಗೆಯೂ ಒಂದು ಮಾತು. ಚೆನ್ನಾಗಿ ಚಾರ್ಜ್ ಆದ ಸೀಲ್ಡ್ ಬ್ಯಾಟರಿ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟ ಮೇಲೆ 12.7 ವೋಲ್ಟ್ ಹತ್ತಿರ ತೋರಿಸುತ್ತದೆ. ಆದರೆ ಆ ಓದು ಅದರ ಶಕ್ತಿ ಹೇಳುವುದಿಲ್ಲ. ಸೊರಗಿದ ಬ್ಯಾಟರಿಯೂ ಭಾರ ಇಲ್ಲದಾಗ 12.7 ತೋರಿಸಬಹುದು. ಭಾರದಲ್ಲಿ 10.5ಕ್ಕಿಂತ ಕೆಳಗಿಳಿದರೆ ಅದರ ಕೆಲಸ ಮುಗಿದಿದೆ, ಇಲ್ಲವೇ ಚಾರ್ಜ್ ಮುಗಿದಿದೆ. ಹೊಗೆ ಅಲಾರಂಗೆ ಹಾಕುವ ಚೌಕದ 9 ವೋಲ್ಟ್ ಬ್ಯಾಟರಿಯಿಂದ ಮೋಟರ್ ಓಡಿಸುವ ತಂಡಗಳನ್ನು ಈಗಲೂ ನೋಡುತ್ತೇನೆ. ಅದು ಮೋಟರ್‌ಗೆ ಆಗುವ ಬ್ಯಾಟರಿಯಲ್ಲ, ಬಿಟ್ಟುಬಿಡಿ.

ರಿಪೇರಿಯಲ್ಲಿ ಯಾವುದು ಮೊದಲು?

ಖರ್ಚಿಲ್ಲದ್ದು ಮೊದಲು. ಊನೋಗೆ ಹೋಗುವ ಜೋಡಿ ವೈರನ್ನು ಡ್ರೈವರ್‌ನ ಸ್ಕ್ರೂನಿಂದ ತೆಗೆದು ನೇರ ಬ್ಯಾಟರಿಯ ತಲೆಗೇ ತನ್ನಿ. ಆಗ ಮೋಟರ್ ದಾರಿಯಲ್ಲಿ ಎಷ್ಟೇ ಕಳೆದುಹೋದರೂ ಊನೋಗೆ ತಟ್ಟುವುದು ಬ್ಯಾಟರಿ ಒಳಗಿನ ಕುಸಿತ ಮಾತ್ರ. ಎಷ್ಟೋ ಗಾಡಿಗಳಿಗೆ ಇದೊಂದೇ ಸಾಕಾಗುತ್ತದೆ.

ಆಮೇಲೆ ಕೋಡ್. ಹೌದು, ಈಗ ಅದರ ಸರದಿ. ಮೋಟರ್‌ಗೆ ಒಂದೇ ಏಟಿಗೆ 255, ಅಂದರೆ ಪೂರ್ತಿ ವೇಗ, ಕೊಡಬೇಡಿ. ಅರ್ಧ ಸೆಕೆಂಡಿನಲ್ಲಿ 0ಯಿಂದ ಮೆಲ್ಲಗೆ ಏರಿಸಿ. ಮುಂದೆ ಹೋಗುತ್ತಿದ್ದ ಗಾಡಿಯನ್ನು ನೇರವಾಗಿ ಹಿಂದಕ್ಕೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಆಗ ತಿರುಗುತ್ತಿರುವ ಮೋಟರ್‌ನ ವೋಲ್ಟೇಜ್ ಬ್ಯಾಟರಿಯದಕ್ಕೆ ಕೂಡಿಕೊಂಡು ಕರೆಂಟು ಸ್ಟಾಲ್‌ನ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ನಡುವೆ ನಿಲ್ಲಿಸಿ, ಚಕ್ರ ನಿಂತ ಮೇಲೆ ಹಿಂದಕ್ಕೆ ಹಾಕಿ.

ದೊಡ್ಡ ಕೆಪಾಸಿಟರ್ ಹಾಕಿದರೆ ಸಾಕು ಎನ್ನುವವರಿದ್ದಾರೆ. ಲೆಕ್ಕ ಮಾಡಿ ನೋಡಿ. ಊನೋ ಮತ್ತು ಸೆನ್ಸರ್ ಸೇರಿ 100 ಮಿಲಿ ಆಂಪಿಯರ್ ಎಳೆದರೆ, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ 1 ವೋಲ್ಟ್ ಇಳಿಯುವವರೆಗೆ ಹಿಡಿದಿಡುವುದು 10 ಮಿಲಿಸೆಕೆಂಡ್. ಚಿಕ್ಕ ಜರ್ಕ್‌ಗೆ ಅಷ್ಟು ಸಾಕು. ಹಲ್ಲು ಕಾಫಿಗೆ ಸಿಕ್ಕಿ ಮೋಟರ್ ಎರಡು ಸೆಕೆಂಡ್ ಒದ್ದಾಡಿದರೆ ಏನೇನೂ ಸಾಲದು. ಹಾಕುವುದಾದರೆ ಅದರ ಮುಂದೆ ಒಂದು ಡಯೋಡ್ ಇರಲಿ, ಇಲ್ಲದಿದ್ದರೆ ಕೂಡಿಟ್ಟ ಚಾರ್ಜನ್ನೂ ಮೋಟರ್‌ಗಳೇ ಎಳೆದುಕೊಳ್ಳುತ್ತವೆ. ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಮಾಡ್ಯೂಲ್ ಹಾಕಿ 5 ವೋಲ್ಟ್ ಪಿನ್ನಿಗೇ ಕೊಡುವುದು ಹೆಚ್ಚು ಒಳ್ಳೆಯದು. ಜೋಡಿಸುವ ಮೊದಲು ಅದರ ಔಟ್‌ಪುಟ್ 5 ವೋಲ್ಟಿಗೆ ಇದೆಯಾ ಎಂದು ಅಳೆಯಲು ಮರೆಯಬೇಡಿ, ಆ ಪಿನ್ನಿಗೆ ರಕ್ಷಣೆ ಇಲ್ಲ.

ರೀಸೆಟ್ ಇಲ್ಲ, ಮೋಟರ್ ಮಾತ್ರ ತಿರುಗುತ್ತಿಲ್ಲ

ಇಲ್ಲಿ ಕೇಳಬೇಕಾದ ಪ್ರಶ್ನೆ: ಎಷ್ಟು ಹೊತ್ತಿನ ನಂತರ? ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಓಡಿದರೆ ಯಾವುದೋ ಚಿಪ್ ಬಿಸಿಯಾಗಿ ತನ್ನನ್ನು ತಾನೇ ಆರಿಸಿಕೊಂಡಿದೆ. ಬೆರಳ ತುದಿ ಹತ್ತಿರ ತಂದರೆ ಗೊತ್ತಾಗುತ್ತದೆ. ಮೋಟರ್ ಡ್ರೈವರ್ ಇರಬಹುದು. ಎಲ್298 ಡ್ರೈವರ್ ಒಂದು ಬದಿಗೆ 2 ಆಂಪಿಯರ್‌ವರೆಗೆ ಮಾತ್ರ, ಅದರಲ್ಲೂ 1 ಆಂಪಿಯರ್ ಹರಿಯುವಾಗಲೇ ಸುಮಾರು 2 ವೋಲ್ಟ್ ತಾನೇ ತಿನ್ನುತ್ತದೆ. ಚಿಕ್ಕ ಕಿಟ್‌ಗಳಲ್ಲಿ ಬರುವ ಹಳದಿ ಬಿಒ ಮೋಟರ್‌ಗಳಿಗೆ ಅದು ಸಾಕು. ಕಾಫಿ ಎಳೆಯುವ ಗಾಡಿಗೆ ಅದನ್ನು ಹಾಕಬಾರದು. ಬಿಟಿಎಸ್ 7960 ಹೆಸರಿಗೆ 43 ಆಂಪಿಯರ್ ಎಂದಿದ್ದರೂ ಆ ಮಾಡ್ಯೂಲಿನ ಚಿಕ್ಕ ಹೀಟ್‌ಸಿಂಕ್‌ನಲ್ಲಿ ಅಷ್ಟು ಸದಾ ಹರಿಸಲು ಆಗುವುದಿಲ್ಲ.

ಡ್ರೈವರ್ ತಣ್ಣಗಿದ್ದರೆ ಊನೋ ಮೇಲಿನ ರೆಗ್ಯುಲೇಟರ್ ಮುಟ್ಟಿ ನೋಡಿ. 12 ವೋಲ್ಟನ್ನು 5ಕ್ಕೆ ಇಳಿಸುವಾಗ ಉಳಿದ 7 ವೋಲ್ಟ್ ಬಿಸಿಯಾಗಿಯೇ ಹೋಗಬೇಕು. ಊನೋದ 5 ವೋಲ್ಟ್ ಪಿನ್ನಿನಿಂದ ಸರ್ವೋ ಎಂಬ ಪುಟ್ಟ ಮೋಟರ್ ಓಡಿಸಿ 300 ಮಿಲಿ ಆಂಪಿಯರ್ ಎಳೆದರೆ 2 ವಾಟ್‌ಗೂ ಹೆಚ್ಚು ಬಿಸಿ ಆ ಉಗುರಿನಷ್ಟು ಚಿಪ್‌ನಲ್ಲಿ. ಹಲಗೆ ಎತ್ತಿ ಇಳಿಸುವ ಸರ್ವೋಗೆ ಬೇರೆ 5 ವೋಲ್ಟ್ ಕೊಡಿ.

ಹೊತ್ತಿಗೆ ಸಂಬಂಧವಿಲ್ಲದೆ, ಕಣದ ಸಿಮೆಂಟು ಬಿರುಕು ದಾಟುವಾಗ ಮಾತ್ರ ನಿಂತರೆ ಅದು ಸಡಿಲ ವೈರ್. ಮೋಟರ್ ಓಡುತ್ತಿರುವಾಗ ಒಣ ಮರದ ಕಡ್ಡಿಯಿಂದ ಒಂದೊಂದೇ ವೈರ್ ಅಲುಗಾಡಿಸುತ್ತಾ ಹೋಗಿ.

ಮೋಟರ್ ಓಡುತ್ತದೆ, ಸೆನ್ಸರ್ ಮಾತ್ರ ಸುಳ್ಳು ಹೇಳುತ್ತದೆ, ಬ್ಲೂಟೂತ್ ಬಿಟ್ಟುಬಿಟ್ಟು ಬರುತ್ತದೆ ಎಂದಾದರೆ ಬ್ರಷ್ ಕಿಡಿಯ ಗದ್ದಲ. 104 ಎಂದು ಬರೆದಿರುವ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರನ್ನು ಮೋಟರ್‌ನ ಎರಡು ಕಾಲಿಗೇ ಬೆಸುಗೆ ಹಾಕಿ, ಮೋಟರ್ ವೈರ್ ಜೋಡಿಯನ್ನು ಹೊಸೆದು, ಸೆನ್ಸರ್ ವೈರ್‌ಗಳಿಂದ ದೂರ ಎಳೆಯಿರಿ. ಇನ್‌ಫ್ರಾರೆಡ್ ಸೆನ್ಸರ್ ಬಿಸಿಲಿಗೆ ಬಂದ ಕೂಡಲೇ ಕೆಟ್ಟರೆ ಅದು ಗದ್ದಲವಲ್ಲ, ಸೂರ್ಯನ ಬೆಳಕಿನಲ್ಲೇ ಇನ್‌ಫ್ರಾರೆಡ್ ತುಂಬಿದೆ. ಸೆನ್ಸರನ್ನು ಗಾಡಿಯ ಅಡಿಗೆ, ಕಪ್ಪು ಕೊಳವೆಯೊಳಗೆ ಸೇರಿಸಿ.

ಮೋಟರ್ ತಿರುಗುತ್ತದೆ, ಚಕ್ರ ಇಲ್ಲ

ಶಾಫ್ಟ್ ಮತ್ತು ಚಕ್ರದ ಹಬ್ ಮೇಲೆ ಅಡ್ಡಲಾಗಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಓಟದ ನಂತರ ಗೆರೆ ಎರಡು ತುಂಡಾಗಿದ್ದರೆ ಹಬ್ಬನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಜಾರುತ್ತಿದೆ. ಸ್ಕ್ರೂ ಶಾಫ್ಟಿನ ಚಪ್ಪಟೆ ಬದಿಯ ಮೇಲೇ ಕೂರಬೇಕು. ಗೆರೆ ನೇರವಾಗಿದ್ದೂ ಗಾಡಿ ಕದಲದಿದ್ದರೆ ಚಕ್ರ ಕಾಫಿಯ ಮೇಲೆ ಜಾರುತ್ತಿದೆ, ಅಥವಾ ಗೇರ್ ಹಲ್ಲು ಮುರಿದಿದೆ. ಗೇರ್ ಮುರಿದಿದ್ದರೆ ಕಟಕಟ ಶಬ್ದವೇ ಹೇಳುತ್ತದೆ.

ಮಳೆಗಾಲದಲ್ಲಿ ಕಣ ಎಲ್ಲಿಂದ ತರುವುದು?

ನಮ್ಮ ಕಷ್ಟ ಇರುವುದು ಇಲ್ಲಿ. ತಂಡಗಳಿಗೆ ಕಟ್ಟಲು ಬಿಡುವು ಸಿಗುವುದು ಜೂನ್‌ನಿಂದ ಸೆಪ್ಟೆಂಬರ್, ಹೊರಗೆ ಎಡೆಬಿಡದ ಮಳೆ. ಅರೇಬಿಕಾ ಹಣ್ಣು ಕಣಕ್ಕೆ ಬರುವುದು ನವೆಂಬರ್ ಹೊತ್ತಿಗೆ, ರೋಬಸ್ಟಾ ಹೊಸ ವರ್ಷದ ನಂತರ. ಅಲ್ಲಿಯವರೆಗೆ ಗಾಡಿಯನ್ನು ಮೇಜಿನ ಮೇಲಷ್ಟೇ ಓಡಿಸಿದರೆ ದೋಷವೂ ಅಲ್ಲಿಯವರೆಗೆ ಅಡಗಿರುತ್ತದೆ. ಹಾಗಾಗಿ ಎಳೆತವನ್ನೇ ಲ್ಯಾಬಿಗೆ ತರಬೇಕು.

ಅದಕ್ಕೆ ಬೇಕಾದ ಸಾಧನ ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ: ಕುಯ್ದ ಹಣ್ಣಿನ ಚೀಲ ತೂಗುವ ಕೊಕ್ಕೆ ತಕ್ಕಡಿ. ಕಣದಲ್ಲಿ ಕಾಫಿ ಇದ್ದಾಗ ಒಮ್ಮೆ ಹಲ್ಲಿನ ಹಲಗೆಗೆ ಅದನ್ನು ಸಿಕ್ಕಿಸಿ, ಗಾಡಿಯ ವೇಗದಲ್ಲೇ ಕೈಯಿಂದ ಎಳೆದು ಓದಿ. ಹಸಿ ಹಣ್ಣಿಗೆ, ಅರೆ ಒಣಗಿದ್ದಕ್ಕೆ, ಪೂರ್ತಿ ಒಣಗಿದ್ದಕ್ಕೆ ಬೇರೆ ಬೇರೆ ಓದು ಬರುತ್ತದೆ, ಮೂರನ್ನೂ ಬರೆದಿಡಿ. ಜಾಸ್ತಿಯದು 6 ಕಿಲೋ ಬಂತು ಎನ್ನಿ. ನಾಲ್ಕು ಚಕ್ರಕ್ಕೆ ಹಂಚಿದರೆ ಒಂದಕ್ಕೆ ಒಂದೂವರೆ ಕಿಲೋ. ಚಕ್ರದ ತ್ರಿಜ್ಯ 5 ಸೆಂಟಿಮೀಟರ್ ಆದರೆ ಒಂದೊಂದು ಮೋಟರ್‌ಗೂ 7.5 ಕಿಲೋ-ಸೆಂಟಿಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕು. ಮೋಟರ್‌ನ ಸ್ಟಾಲ್ ಟಾರ್ಕ್ ಇದರ ಮೂರು ಪಟ್ಟಾದರೂ ಇರಲಿ. ಅದಕ್ಕಿಂತ ಕಡಿಮೆ ಇದ್ದರೆ ವೈರ್ ಎಷ್ಟೇ ದಪ್ಪ ಮಾಡಿ, ಗಾಡಿ ಒದ್ದಾಡುತ್ತಲೇ ಇರುತ್ತದೆ. ಆಗ ಹಲ್ಲು ಕಡಿಮೆ ಮಾಡಿ, ಇಲ್ಲವೇ ನಿಧಾನ ತಿರುಗುವ ಗೇರ್ ಮೋಟರ್ ಹಾಕಿ. ಹಲ್ಲು ಕಡಿಮೆ ಮಾಡುವುದೇ ನನಗೆ ಇಷ್ಟ. ಎರಡು ಸಲ ಓಡಿದರೂ ಕಾಫಿ ಕೆದಕಿದಂತಾಗುತ್ತದೆ, ಬ್ಯಾಟರಿಗೂ ಹಿತ.

ಇನ್ನು ಲ್ಯಾಬಿನಲ್ಲಿ ಗೋಣಿಚೀಲಕ್ಕೆ ಮರಳು ತುಂಬಿ, ನೆಲದ ಮೇಲೆ ತಕ್ಕಡಿಯಿಂದ ಎಳೆದು, ಅದೇ 6 ಕಿಲೋ ಓದು ಬರುವವರೆಗೆ ಮರಳು ಕೂಡಿಸಿ. ಆ ಚೀಲವನ್ನು ಗಾಡಿಗೆ ಕಟ್ಟಿ. ಮೇಲೆ ಹೇಳಿದ ಅಳತೆಗಳನ್ನೆಲ್ಲ ಈ ಚೀಲ ಎಳೆಯುವಾಗಲೇ ಮಾಡಿ. ಒಂದು ಎಚ್ಚರ: ಲ್ಯಾಬಿನ ನೆಲದಲ್ಲಿ ಚಕ್ರ ಕಚ್ಚುವಷ್ಟು ಕಾಫಿಯ ಮೇಲೆ ಕಚ್ಚುವುದಿಲ್ಲ. ಜಾರುವ ತೊಂದರೆ ಈ ಪರೀಕ್ಷೆಯಲ್ಲಿ ಕಾಣಿಸದು.

ಮಳೆಗಾಲ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಚಪ್ಪಲಿ, ಬೆಲ್ಟಿಗೆ ಬೂಸ್ಟು ಹಿಡಿಸುವ ತೇವವೇ ಕನೆಕ್ಟರ್‌ಗಳ ಮೇಲೂ ಕೂರುತ್ತದೆ. ತಾಮ್ರ ಹಸಿರಾಗುತ್ತದೆ, ಬ್ಯಾಟರಿ ತಲೆಯಲ್ಲಿ ಬಿಳಿ ಪುಡಿ ಕಾಣುತ್ತದೆ. ಆ ಪದರ ಮೇಜಿನ ಮೇಲಿನ ಚಿಕ್ಕ ಕರೆಂಟಿಗೆ ಅಡ್ಡಿ ಮಾಡುವುದಿಲ್ಲ, ಭಾರದಲ್ಲಿ ಮಾತ್ರ ವೋಲ್ಟೇಜ್ ತಿನ್ನುತ್ತದೆ. ತೆರೆದು ಬಿಟ್ಟ ಗಾಡಿಯನ್ನು ಮತ್ತೆ ತೆಗೆಯುವಾಗ ಪ್ರತಿ ಕನೆಕ್ಟರನ್ನೂ ಎರಡು ಮೂರು ಸಲ ಬಿಚ್ಚಿ ಹಾಕಿ, ಪದರ ಕೆರೆದುಹೋಗುತ್ತದೆ. ಹಸಿರು ಹಿಡಿದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹಳೆ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಬೋರ್ಡುಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಜೆಲ್ ನಸುಗೆಂಪಾದರೆ ತೇವ ಕುಡಿದು ತುಂಬಿದೆ, ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಬ್ಯಾಟರಿಯನ್ನು ಆ ಡಬ್ಬಕ್ಕೆ ಹಾಕಬೇಡಿ, ಹೊರಗಿಟ್ಟು ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ರಿಪೇರಿ ಮುಗಿದ ಮೇಲೆ ಚೀಲ ಕಟ್ಟಿದ ಗಾಡಿಯನ್ನು ಬ್ಯಾಟರಿ ಅರ್ಧ ಇಳಿದಿರುವಾಗ ಓಡಿಸಿ. ತುಂಬಿದ ಬ್ಯಾಟರಿಯಲ್ಲಿ ಪಾಸಾದದ್ದು ಲೆಕ್ಕಕ್ಕಿಲ್ಲ. ಅತಿ ಕಡಿಮೆ ವೋಲ್ಟೇಜ್, ಪ್ಲಸ್ ದಾರಿಯ ಕುಸಿತ, ಮೈನಸ್ ದಾರಿಯ ಕುಸಿತ, ಈಪ್ರಾಮ್‌ನ ರೀಸೆಟ್ ಲೆಕ್ಕ, ಈ ನಾಲ್ಕು ಅಂಕಿಯನ್ನು ತಾರೀಕಿನ ಜೊತೆ ತಂಡದ ಪುಸ್ತಕದಲ್ಲಿ ಬರೆದು, ಗಾಡಿಯ ಅಡಿಗೂ ಒಂದು ಚೀಟಿ ಅಂಟಿಸಿ. ಮುಂದಿನ ವರ್ಷ ಈ ಗಾಡಿ ಹಿಡಿಯುವವರು ಬೇರೆ ಮಕ್ಕಳು, ಅವರಿಗೆ ಹೋಲಿಸಿ ನೋಡಲು ಆ ಅಂಕಿಗಳು ಬೇಕು.